ಲೈಟುರಾಯರು

ಹಾಡಹಗಲಲ್ಲಿ ಬೈಕಿನ ಮೇಲೆ ಹೋಗುತ್ತಿರುವವರಿಗೆ ಎದುರಿನಿಂದ ಬರುವವರೊಬ್ಬರು ಕೈಯೆತ್ತಿ, ಐದೂ ಬೆರಳನ್ನು ಮೊಗ್ಗು ಮಾಡಿ, ಅರಳಿಸಿ, ಮತ್ತೆ ಮೊಗ್ಗು ಮಾಡಿ ತೋರಿಸಿದರೆ ಅವರೇ ಲೈಟುರಾಯರು. ಒಂದು ಕೈ ಹ್ಯಾಂಡಲ್ ಬಿಟ್ಟು ತಾವು ಚರಂಡಿಗೆ ಬಿದ್ದರೂ ಚಿಂತೆಯಿಲ್ಲ, ಪರರ ಬ್ಯಾಟರಿ ಉಳಿಯಬೇಕು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ನಿನ ಜೊತೆಗೇ ಹೊತ್ತಿಕೊಳ್ಳಬೇಕೆಂಬ ನಿಯಮ ಬಂತು, ಆರಿಸುವ ಸ್ವಿಚ್ಚೇ ಹೋಯಿತು. ತಾರೀಖು ನೋಡಿ ಯಾರೋ ಏಪ್ರಿಲ್ ಫೂಲ್ ಮಾಡುತ್ತಿದ್ದಾರೆ ಅಂದುಕೊಂಡರೋ ಏನೋ, ರಾಯರು ಈವರೆಗೂ ನಂಬಿಲ್ಲ.

ರಾಯರ ಕಾಲ ಮುಗಿಯಿತು ಎನ್ನುವವರಿದ್ದಾರೆ. ಮುಗಿದಿಲ್ಲ, ಅವರು ನಿಂತಿರುವ ಜಾಗ ತಪ್ಪು, ಅಷ್ಟೆ. ಓಡುವ ಗಾಡಿಯ ಬ್ಯಾಟರಿಯನ್ನು ಎಂಜಿನ್ನೇ ತುಂಬಿಸುತ್ತಿರುತ್ತದೆ. ಅಪಾಯವಿರುವುದು ನಿಂತ ಕಾರಿಗೆ. ಹ್ಯಾಲೊಜನ್ ಹೆಡ್‌ಲೈಟು ಒಂದೊಂದೂ 55 ವ್ಯಾಟ್. ಹಿಂದಿನ ದೀಪಗಳೂ ಸೇರಿದರೆ ಸುಮಾರು 10 ಆಂಪಿಯರ್ ಎಳೆಯುತ್ತವೆ. ಚಿಕ್ಕ ಕಾರಿನ ಬ್ಯಾಟರಿ ಹೊಸದಿದ್ದಾಗಲೇ 35 ಆಂಪಿಯರ್-ಅವರ್. ಎಂದರೆ ಕಲ್ಯಾಣ ಮಂಟಪದ ಮುಂದೆ ಲೈಟು ಮರೆತು ಒಳಗೆ ಹೋದವರು ಧಾರೆ ನೋಡಿ, ಎರಡನೇ ಪಂಕ್ತಿಯಲ್ಲಿ ಉಂಡು, ತೆಂಗಿನಕಾಯಿ ಚೀಲ ಹಿಡಿದು ಬರುವಷ್ಟರಲ್ಲಿ ಸೆಲ್ಫ್ ತಗೊಳ್ಳುವುದಿಲ್ಲ. ರಾಯರು ಬೇಕಾಗಿರುವುದು ಇಲ್ಲಿ. ಓಲಗ ನಿಲ್ಲಿಸಿ, ಮೈಕು ಕಸಿದು, ‘ಬಿಳಿ ಕಾರಿನವರು ಯಾರ್ರೀ, ಲೈಟ್ ಆನ್ ಇದೆ’ ಎಂದು ಕೂಗಬಲ್ಲವರು ಅವರೊಬ್ಬರೇ. ಬಿಳಿ ಕಾರಿನವರು ನಲವತ್ತು ಮಂದಿ ಎದ್ದು ಹೊರಗೋಡುತ್ತಾರೆ ಎನ್ನುವುದು ಬೇರೆ ಮಾತು. ಆ ನಲವತ್ತರಲ್ಲಿ ತಪ್ಪಿತಸ್ಥನೂ ಇರುತ್ತಾನಲ್ಲ.

ಈಗಿನ ಕಾರೇ ಕುಯ್‌ಗುಟ್ಟಿ ಎಚ್ಚರಿಸುತ್ತದಲ್ಲ, ರಾಯರೇಕೆ ಎಂದು ಕೇಳಬಹುದು. ಕುಯ್‌ಗುಟ್ಟುವುದು ಬಾಗಿಲು ತೆರೆದ ಗಳಿಗೆಯಲ್ಲಿ. ಆಗ ಯಜಮಾನರ ಕಿವಿಯಲ್ಲಿ ಫೋನು, ಹಿಂದಿನ ಸೀಟಿನಲ್ಲಿ ಅಳುವ ಮಗು. ಇನ್ನು ಆ ಮಗು ಚಟ್ಟೆಂದು ಒತ್ತಿಬಿಟ್ಟ ಒಳದೀಪಕ್ಕಾಗಿ ಅನೇಕ ಕಾರುಗಳು ಕುಯ್ಯೆನ್ನುವುದೂ ಇಲ್ಲ. ಐದು ವ್ಯಾಟಿನ ಬಡಪಾಯಿ ದೀಪ ಅದು, ಒಂದು ರಾತ್ರಿಗೆ ಒಳ್ಳೆಯ ಬ್ಯಾಟರಿಯನ್ನೇನೂ ಕೊಲ್ಲದು. ಶುಕ್ರವಾರ ಸಂಜೆ ಕಾರು ನಿಲ್ಲಿಸಿ ರೈಲಿನಲ್ಲಿ ಊರಿಗೆ ಹೋದವರು ಸೋಮವಾರ ಬೆಳಿಗ್ಗೆ ಬರುವಷ್ಟರಲ್ಲಿ ಮಾತ್ರ, ತಾನಾಗಿ ಆರದ ದೀಪವಾದರೆ, ಮೂರರಲ್ಲಿ ಎರಡು ಪಾಲು ಚಾರ್ಜು ಸದ್ದಿಲ್ಲದೆ ನೆಕ್ಕಿರುತ್ತದೆ. ಬೇಸ್‌ಮೆಂಟಿನ ಕತ್ತಲಲ್ಲಿ ಆ ಮಿಣುಕನ್ನು ಕಂಡು, ಮೂರನೇ ಮಹಡಿಯ ಬಾಗಿಲು ಬಡಿದು, ಅದು ಪಕ್ಕದ ಮನೆಯವರ ಕಾರೆಂದು ತಿಳಿದು, ಅಲ್ಲೂ ಬಡಿಯುವ ಯಂತ್ರ ಇನ್ನೂ ಹುಟ್ಟಿಲ್ಲ.

ಪರರ ಉಸಾಬರಿ ಎಂದು ಮುಖ ಸಿಂಡರಿಸುವವರಿಗೂ ಒಂದು ಮಾತು. ಪೂರ್ತಿ ಬರಿದಾದ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಹಳೆಯ ಕಸುವು ಬಾರದು. ಸಿಂಡರಿಸಿದ ಆ ಮುಖವೇ ಮರುದಿನ ಕಟಕಟ ಸದ್ದಿನ ನಡುವೆ, ‘ರಾಯರೇ, ಸ್ವಲ್ಪ ಕೈ ಹಾಕ್ತೀರಾ’ ಎನ್ನುತ್ತದೆ. ರಾಯರು ಪಂಚೆ ಎತ್ತಿ ಕಟ್ಟಿ ತಳ್ಳುತ್ತಾರೆ. ಗೇಟು ದಾಟಿ, ರಸ್ತೆಯ ತಿರುವೂ ದಾಟಿದ ಮೇಲೆ, ‘ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡಿ’ ಎಂದು ಕೂಗುತ್ತಾರೆ. ಕಾರು ಆಟೊಮ್ಯಾಟಿಕ್, ಕ್ಲಚ್ಚೇ ಇಲ್ಲ, ಹೊಸಕೋಟೆಯವರೆಗೆ ತಳ್ಳಿದರೂ ಹೊತ್ತದು ಎಂದು ಆಗ ಗೊತ್ತಾಗುತ್ತದೆ. ಏದುಸಿರು ಬಿಡುತ್ತ ನಿಂತ ರಾಯರ ಎದುರಿಗೆ ಅಷ್ಟರಲ್ಲಿ ಒಂದು ಬೈಕು ಲೈಟು ಉರಿಸಿಕೊಂಡು ಬರುತ್ತದೆ. ಕೈ ತಾನಾಗಿ ಮೇಲೇಳುತ್ತದೆ.