ಬಾಡಿಗೆ ದುಡ್ಡು ಲಾರಿಯವರದು

ಏನಕ್ಕ, ಮಗ ಲಾರಿ ಬುಕಿಂಗ್ ಆಫೀಸ್ ತೆಗೀತಾನಂತೆ? ಒಳ್ಳೇದಾಯ್ತು ಬಿಡ್ರಿ. ನಮ್ಮ ದಾವಣಗೆರೆ ಸುತ್ತ ಮೆಕ್ಕೆಜೋಳ ಬೆಳೆಯೋ ತನಕ, ನಾಮಕ್ಕಲ್ ಕಡೆಯವರು ಕೋಳಿ ಸಾಕೋ ತನಕ ಲೋಡಿಗೇನೂ ಬರ ಬರಲ್ಲ. ಬಟ್ಟೆ ಒಣಗಿಸೋದು ಆಮೇಲೆ ಆದೀತು, ಒಂದು ಗಳಿಗೆ ಇಲ್ಲೇ ನಿಲ್ರಿ. ನೀವು ಕೇಳದೇ ಇದ್ರೂ ಹೇಳಬೇಕು ಅನ್ನಿಸಿದೆ. ನಮ್ಮನೆಯವ್ರು ಹತ್ತು ಗಾಲಿ ಲಾರಿ ಇಟ್ಟಿದ್ದಷ್ಟು ವರ್ಷವೂ ಅದರ ಲೆಕ್ಕ ಬರೆದವಳು ನಾನೇ. ಡೀಸೆಲ್, ಟೋಲ್, ಡ್ರೈವರ್ ಬಾಟಾ, ಟೈರು, ಬ್ಯಾಂಕಿನ ಕಂತು, ಎಲ್ಲಾ ನನ್ನ ಕೈಬರಹದಲ್ಲೇ ಇದೆ. ಬರಬೇಕಾದ ಬಾಕಿ ಅಂತ ಬರೆದ ಪುಟದಲ್ಲಿ ಇರೋದೆಲ್ಲ ಬ್ರೋಕರ್‌ಗಳ ಹೆಸರೇ.

ಬ್ರೋಕರ್ ಅಂದ ಕೂಡಲೇ ಬಯ್ಯೋಳು ನಾನಲ್ಲ. ಲಾರಿಯವನಿಗೆ ಮಿಲ್ಲಿನ ಪರಿಚಯ ಇರಲ್ಲ, ಮಿಲ್ಲಿನವನಿಗೆ ಯಾವ ಗಾಡಿ ಎಲ್ಲಿ ಖಾಲಿ ನಿಂತಿದೆ ಅಂತ ಗೊತ್ತಿರಲ್ಲ. ಇಬ್ಬರನ್ನೂ ಕೂಡಿಸೋದು ಕೆಲಸವೇ, ಆ ಕೆಲಸಕ್ಕೆ ಕಮಿಷನ್ ತಗೊಳ್ಳೋದು ನ್ಯಾಯವೇ. ಮಾಲು ಕಳಿಸೋ ಪಾರ್ಟಿ ದುಡ್ಡು ಕೊಡೋದು ತಿಂಗಳು ಎರಡು ತಿಂಗಳಿಗೆ, ಲಾರಿ ಅಡ್ವಾನ್ಸು ಮಾತ್ರ ಅವತ್ತೇ ಕೊಡಬೇಕು. ಅಷ್ಟು ಬಂಡವಾಳ ಹಾಕಿ ಕೂರೋದು ಸುಲಭದ್ದಲ್ಲ, ಒಪ್ತೀನಿ. ಕೆಡೋದು ಎಲ್ಲಿ ಅಂದ್ರೆ, ಕೈಗೆ ಬಂದ ಬಾಡಿಗೆಯನ್ನ ತನ್ನ ದುಡ್ಡು ಅಂದ್ಕೊಂಡಾಗ. ಅದರಲ್ಲಿ ಅವನದು ಕಮಿಷನ್ ಅಷ್ಟೇ. ಉಳಿದದ್ದು ಲಾರಿಯವನು ಅವನ ಹತ್ರ ಇಟ್ಟಿರೋ ದುಡ್ಡು.

ಹೇಗೆ ನಡೀತದೆ ಗೊತ್ತಾ? ಲೋಡ್ ಆದ ದಿನ ಅಡ್ವಾನ್ಸ್ ಕೊಡ್ತಾರೆ. ಅದು ಪೂರ್ತಿ ರೋಡಲ್ಲೇ ಕರಗ್ತದೆ, ಡೀಸೆಲ್ಲಿಗೆ, ಟೋಲಿಗೆ, ಡ್ರೈವರ್ ಊಟಕ್ಕೆ. ಉಳಿದ ಬ್ಯಾಲೆನ್ಸು ಮಾಲು ಇಳಿಸಿ, ಎಲ್‌ಆರ್ ಅನ್ನೋ ಲಾರಿ ರಸೀದಿ ಮೇಲೆ ಸೀಲು ಹಾಕಿಸ್ಕೊಂಡು, ಮಾಲು ಮುಟ್ಟಿದ್ದಕ್ಕೆ ಸಾಕ್ಷಿಯಾದ ಆ ಪಿಒಡಿ ವಾಪಸು ತಂದುಕೊಟ್ಟ ಮೇಲೆ. ಆ ಬ್ಯಾಲೆನ್ಸೇ ಅಕ್ಕ, ಮನೆಗೆ ಬರೋ ಗಳಿಕೆ. ಲಾರಿಯ ಕಂತು, ಮಕ್ಕಳ ಫೀಜು, ಇನ್ಶೂರೆನ್ಸು, ಎಲ್ಲಾ ಅದರಲ್ಲೇ. ಕೆಲವು ಬ್ರೋಕರ್‌ಗಳು ಈ ಲಾರಿಯ ಬ್ಯಾಲೆನ್ಸ್ ತಡೆದು ಆ ಲಾರಿಗೆ ಅಡ್ವಾನ್ಸ್ ಕೊಡ್ತಾರೆ. ಪಿಒಡಿ ಪೋಸ್ಟಲ್ಲಿ ಬಂದಿಲ್ಲ, ಸೀಲು ಸರಿಯಾಗಿ ಕಾಣ್ತಿಲ್ಲ, ಪಾರ್ಟಿ ಚೆಕ್ ಕೊಟ್ಟಿಲ್ಲ, ಇಂಥ ಕಾರಣಗಳಿಗೆ ಕೊನೆಯೇ ಇರಲ್ಲ. ಕಂತು ತಪ್ಪಿದ ತಿಂಗಳು ಫೈನಾನ್ಸ್‌ನವರು ಬಂದು ನಿಲ್ಲೋದು ಬ್ರೋಕರ್ ಬಾಗಿಲಿಗಲ್ಲ, ನಮ್ಮ ಬಾಗಿಲಿಗೆ.

ಕಾನೂನು ಇಲ್ವಾ ಅಂತೀರಾ? ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರಿಗೆ ಬರಬೇಕಾದ ದುಡ್ಡನ್ನ, ಒಪ್ಪಂದ ಬರೆದುಕೊಂಡಿದ್ರೂ 45 ದಿನ ಮೀರಿ ತಡೆಯೋ ಹಾಗಿಲ್ಲ. ಬರೆದುಕೊಂಡಿಲ್ಲ ಅಂದ್ರೆ 15 ದಿನ. ಮೀರಿದ್ರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಒಂದು ಲಾರಿ ಇಟ್ಟವರೂ ಉದ್ಯಮ್ ನೋಂದಣಿ ಮಾಡಿಸಿ ಇದನ್ನ ಕೇಳಬಹುದು. ಆದ್ರೆ ಕೇಳೋರು ಯಾರು? ನಾಳೆ ಲೋಡ್ ಬೇಕಾದ್ರೆ ಅದೇ ಬ್ರೋಕರ್ ಹತ್ರ ಹೋಗಿ ನಿಲ್ಲಬೇಕಲ್ಲ. ಅದಕ್ಕೇ ನಾನು ಹೇಳೋದು, ಇದನ್ನ ಲಾರಿಯವನು ಕೇಳೋ ತನಕ ಕಾಯಬಾರದು, ಬ್ರೋಕರ್ ತಾನಾಗೇ ನಡೆಸಬೇಕು. ಪಿಒಡಿ ಬಂದ ಇಷ್ಟು ದಿನಕ್ಕೆ ಬ್ಯಾಲೆನ್ಸ್ ಅಂತ ಗೋಡೆ ಮೇಲೆ ಬರೆದು ಹಾಕಲಿ ನಿಮ್ಮ ಮಗ. ಪಾರ್ಟಿ ಕೊಡಲಿ ಬಿಡಲಿ, ಆ ದಿನಕ್ಕೆ ಕೊಡಲಿ. ಪಾರ್ಟಿಯನ್ನ ನಂಬಿ ಲೋಡ್ ಒಪ್ಪಿಕೊಂಡವನು ಅವನು, ಲಾರಿಯವನಲ್ಲ.

ಹಾಂ, ಟಿಡಿಎಸ್ಸಿಂದೂ ಒಂದಿದೆ. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವರು ಪ್ಯಾನ್ ಕೊಟ್ಟು ಡಿಕ್ಲರೇಷನ್ ಬರೆದುಕೊಟ್ರೆ ಟಿಡಿಎಸ್ ಹಿಡಿಯಬೇಕಿಲ್ಲ. ಆದ್ರೂ ಟಿಡಿಎಸ್ ಅಂತ ಕಡಿದು, ಸರ್ಕಾರಕ್ಕೂ ಕಟ್ಟದೆ ಜೇಬಿಗೆ ಹಾಕಿಕೊಂಡವರನ್ನ ನೋಡಿದ್ದೀನಿ. ಅದು ಕಳ್ಳತನ, ಅದಕ್ಕೆ ಬೇರೆ ಹೆಸರಿಲ್ಲ.

ಇನ್ನು ಬಾಡಿಗೆ ಎಷ್ಟು ಅನ್ನೋದು. ಲೆಕ್ಕಕ್ಕೆ ಹೇಳ್ತೀನಿ, ಪಾರ್ಟಿ ಟನ್ನಿಗೆ 2,400 ಕೊಡ್ತಾನೆ ಅಂದ್ಕೊಳ್ರಿ, ಬ್ರೋಕರ್ ಲಾರಿಯವನಿಗೆ 1,900 ಅಂತಾನೆ. 18 ಟನ್ನಿಗೆ 9,000 ಮಧ್ಯದಲ್ಲೇ ನಿಂತುಬಿಡ್ತದೆ. ಅದರ ಮೇಲೆ ಲಾರಿಯವನ ಹತ್ರ ಬೇರೆ ಕಮಿಷನ್. ಎರಡೂ ಕಡೆ ತಗೊಳ್ಳೋದು, ಒಂದು ಕಡೆಗೆ ಇನ್ನೊಂದು ಕಡೆಯ ಸುದ್ದಿ ಗೊತ್ತಾಗದ ಹಾಗೆ ನೋಡ್ಕೊಳ್ಳೋದು. ಅಮೆರಿಕದಲ್ಲಿ ಇದಕ್ಕೊಂದು ನಿಯಮ ಇದೆ. ಬ್ರೋಕರ್ ಪ್ರತಿ ಲೋಡಿನ ದಾಖಲೆ ಇಡಬೇಕು, ಆ ವ್ಯವಹಾರದಲ್ಲಿರೋ ಯಾರು ಬೇಕಾದ್ರೂ ಅದನ್ನ ತೆಗೆಸಿ ನೋಡಬಹುದು. ಲೈಸೆನ್ಸ್ ಬೇಕು ಅಂದ್ರೆ 75,000 ಡಾಲರಿನ ಬಾಂಡ್ ಇಡಬೇಕು, ಬ್ರೋಕರ್ ದುಡ್ಡು ಕೊಡದೇ ಹೋದ್ರೆ ಲಾರಿಯವರು ಅದರ ಮೇಲೆ ಕ್ಲೇಮ್ ಹಾಕ್ತಾರೆ. ಅಲ್ಲೂ ಎಲ್ಲಾ ಸರಿ ಇದೆ ಅಂತಲ್ಲ. ದಾಖಲೆ ಕೇಳೋ ಹಕ್ಕು ಬಿಟ್ಟುಕೊಟ್ಟಿದ್ದೀನಿ ಅಂತ ಲಾರಿಯವರ ಹತ್ರ ಮೊದಲೇ ಸಹಿ ಹಾಕಿಸ್ಕೊಳ್ಳೋ ಬ್ರೋಕರ್‌ಗಳು ಬೇಕಾದಷ್ಟಿದ್ದಾರೆ. 2020ರಲ್ಲಿ ಕೊರೋನಾದಿಂದ ಬಾಡಿಗೆ ಬಿದ್ದಾಗ ಲಾರಿಯವರು ವಾಷಿಂಗ್ಟನ್‌ಗೆ ಗಾಡಿ ತಂದು ನಿಲ್ಲಿಸಿ, ನಮ್ಮ ಲೋಡಿಗೆ ಎಷ್ಟು ಬಂತು ತೋರಿಸ್ರಿ ಅಂತ ಕೂತಿದ್ರು. ನಮ್ಮ ಲಾರಿಯವರು ಕೇಳಬೇಕಾದ್ದೂ ಅದೇ ಮಾತು. ಬಾಡಿಗೆ ಇಷ್ಟು, ನನ್ನ ಕಮಿಷನ್ ಇಷ್ಟು ಅಂತ ಒಂದೇ ಚೀಟಿಯಲ್ಲಿ ಬರೆದುಕೊಡೋದಕ್ಕೆ ಖರ್ಚೇನೂ ಇಲ್ಲ.

ಮೆಕ್ಕೆಜೋಳದ ಶಾರ್ಟೇಜ್ ಕಥೆಯಂತೂ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರೀತದೆ. ಹಸಿ ಇರೋ ಜೋಳ ಇಲ್ಲಿ ತೂಕ ಮಾಡಿ ತುಂಬ್ತಾರೆ. ಐನೂರು ಕಿಲೋಮೀಟರ್ ಬಿಸಿಲಲ್ಲಿ ಹೋಗಿ, ಫೀಡ್ ಮಿಲ್ಲಿನ ಗೇಟಲ್ಲಿ ಎರಡು ದಿನ ನಿಂತು ಇಳಿಸೋ ಹೊತ್ತಿಗೆ ನೀರು ಆರಿ ತೂಕ ಇಳಿದಿರ್ತದೆ. ಚೀಲ ಎಣಿಸಿದ್ರೆ ಒಂದೂ ಕಮ್ಮಿ ಇರಲ್ಲ. ಆದ್ರೂ ಆ ಕಿಲೋಗಳನ್ನ ಲಾರಿ ಬಾಡಿಗೇಲಿ ಮುರೀತಾರೆ. ಜೋಳ ಕದ್ದಿದ್ದೀರಿ ಅನ್ನೋ ಥರ ಮಾತು ಬೇರೆ. ಎಷ್ಟು ತೇವ ಇದೆ, ಕ್ವಿಂಟಲ್ಲಿಗೆ ಎಷ್ಟು ಕಮ್ಮಿಯಾದ್ರೆ ಲೆಕ್ಕಕ್ಕಿಲ್ಲ ಅಂತ ಲೋಡ್ ಮಾಡೋ ಮುಂಚೆನೇ ಪಾರ್ಟಿ ಹತ್ರ ಮಾತಾಡಿ ಎಲ್‌ಆರ್‌ನಲ್ಲಿ ಬರೆಸಬೇಕಾದವನು ಬ್ರೋಕರ್. ಗೇಟಲ್ಲಿ ನಿಂತ ಆ ಎರಡು ದಿನದ ಹಾಲ್ಟಿಂಗ್ ದುಡ್ಡೂ ಹಾಗೇ. ಲಾರಿ ನಿಂತ್ರೂ ಕಂತು ನಿಲ್ಲಲ್ಲ. ಪಾರ್ಟಿ ಹತ್ರ ಹಾಲ್ಟಿಂಗ್ ವಸೂಲಿ ಮಾಡಿ ಲಾರಿಯವನಿಗೆ ಇಲ್ಲ ಅಂದವರೂ ಉಂಟು.

ಓವರ್‌ಲೋಡಿನ ವಿಷಯ ನಿಮ್ಮ ಮಗನಿಗೆ ಗಟ್ಟಿಯಾಗಿ ಹೇಳ್ರಿ. ಹತ್ತು ಗಾಲಿ ಗಾಡಿಗೆ 2018ರಲ್ಲಿ ಒಟ್ಟು ತೂಕದ ಮಿತಿಯನ್ನ 25 ಟನ್ನಿಂದ 28.5 ಟನ್ನಿಗೆ ಏರಿಸಿದ್ರು. ಗಾಡಿಯ ತೂಕ ಕಳೆದ್ರೆ ಮಾಲಿಗೆ ಉಳಿಯೋದು 18–19 ಟನ್. 24 ಟನ್ ಹಾಕೋದಾದ್ರೆ ಲೋಡ್ ಕೊಡ್ತೀನಿ, ಇಲ್ಲಾಂದ್ರೆ ಹಿಂದೆ ಇನ್ನೊಬ್ಬ ನಿಂತಿದ್ದಾನೆ ಅಂತ ಹೇಳೋ ಬ್ರೋಕರ್ ಇದ್ದಾನಲ್ಲ, ಅವನು ಡ್ರೈವರ್ ಜೀವ ಪಣಕ್ಕಿಟ್ಟು ವ್ಯಾಪಾರ ಮಾಡ್ತಿರೋದು. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಬರೆದಿರೋ ದಂಡ 20,000, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000. ಐದು ಟನ್ ಹೆಚ್ಚಾದ್ರೆ 30,000 ಆಯ್ತು, ಇಳಿಸೋ ಖರ್ಚು ಬೇರೆ. ಓಡಿಸಿದವನ ಜೊತೆ ಓಡಿಸೋ ಹಾಗೆ ಮಾಡಿದವನೂ ಹೊಣೆ ಅಂತಲೇ ಕಾಯ್ದೆ ಹೇಳ್ತದೆ. ಆದ್ರೆ ಚೆಕ್‌ಪೋಸ್ಟಲ್ಲಿ ಸಿಕ್ಕಿಬೀಳೋದು ಡ್ರೈವರ್ ಒಬ್ಬನೇ. ಘಾಟಿ ಇಳಿಯುವಾಗ ಬ್ರೇಕ್ ಹಿಡಿಯದೇ ಹೋದ್ರೆ ಸಾಯೋದೂ ಅವನೇ.

ರಿಟರ್ನ್ ಲೋಡಿಗೆ ಸೇಲಂನಲ್ಲಿ ಕಬ್ಬಿಣ ತುಂಬಿದ್ರೆ ಇ-ವೇ ಬಿಲ್ ಬೇಕು. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಟೈರು ಒಡೆದೋ, ಗಾಡಿ ಕೆಟ್ಟೋ ಅವಧಿ ಮುಗೀತು ಅಂದ್ರೆ, ಮುಗಿಯೋ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆ ತನಕ ಮಾತ್ರ ಮುಂದುವರಿಸಬಹುದು. ಡ್ರೈವರ್ ನಡುರಾತ್ರಿ ಫೋನ್ ಮಾಡಿದಾಗ ಎತ್ತೋ ಬ್ರೋಕರ್ ಇದ್ರೆ ಗಾಡಿ ಮನೆಗೆ ಬರ್ತದೆ. ಫೋನ್ ಆಫ್ ಮಾಡಿ ಮಲಗಿದ್ರೆ ಆಫೀಸರ್ ಗಾಡಿ ತಡೆದು ನಿಲ್ಲಿಸ್ತಾನೆ, ದಾರೀಲಿ ಅಡುಗೆ ಮಾಡ್ಕೊಂಡು ಕೂರೋದು ಡ್ರೈವರ್ರೂ ಕ್ಲೀನರ್ರೂ. ನಾನು ಮೆಚ್ಚಿದ ಒಬ್ಬ ಬ್ರೋಕರ್ ಇದ್ರು. ಬಾಡಿಗೆ ಜಾಸ್ತಿ ಏನೂ ಕೊಡ್ತಿರಲಿಲ್ಲ, ಆದ್ರೆ ಎಷ್ಟು ಹೊತ್ತಲ್ಲಿ ಮಾಡಿದ್ರೂ ಫೋನ್ ಎತ್ತೋರು. ನಮ್ಮ ಗಾಡಿ ಅವರ ಲೋಡನ್ನ ಯಾವತ್ತೂ ಬೇಡ ಅನ್ನಲಿಲ್ಲ.

ಇನ್ನೊಂದು, ಬ್ರೋಕರ್ ಮೇಲೆ ಬ್ರೋಕರ್. ಒಬ್ಬ ಲೋಡ್ ಹಿಡಿದು ಇನ್ನೊಬ್ಬನಿಗೆ ಕೊಡ್ತಾನೆ, ಅವನು ಮತ್ತೊಬ್ಬನಿಗೆ. ಪ್ರತಿ ಕೈಯಲ್ಲೂ ಬಾಡಿಗೆ ಸವೀತದೆ. ಕೊನೆಗೆ ಬ್ಯಾಲೆನ್ಸ್ ಕೇಳೋಕೆ ಹೋದ್ರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸ್ತಾರೆ. ಪಾರ್ಟಿಗೂ ಗೊತ್ತಿರಲ್ಲ, ತನ್ನ ಮಾಲು ಯಾರ ಗಾಡೀಲಿ ಹೋಗ್ತಿದೆ ಅಂತ. ಹಿಡಿದ ಲೋಡಿಗೆ ಗಾಡಿ ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅಂತ ಪಾರ್ಟಿಗೇ ಹೇಳಬೇಕು, ಮರ್ಯಾದೆ ಹೋಗಲ್ಲ.

ಲೈಸೆನ್ಸಾ? ಬೇಕೇ ಬೇಕು ಅಕ್ಕ. ಬೋರ್ಡ್ ಹಾಕಿದ್ರೆ ಸಾಕು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಮೋಟಾರು ವಾಹನ ಕಾಯ್ದೆಯ 93ನೇ ಸೆಕ್ಷನ್ ಪ್ರಕಾರ ಮಾಲು ಹಿಡಿದು ಕಳಿಸೋ ಏಜೆಂಟಿಗೆ ಲೈಸೆನ್ಸ್ ಬೇಕು. 2007ರ ರಸ್ತೆ ಸಾಗಣೆ ಕಾಯ್ದೆ ಬುಕಿಂಗ್ ಕಂಪನಿ, ಏಜೆಂಟ್, ಬ್ರೋಕರ್ ಎಲ್ಲರನ್ನೂ ಸಾಗಣೆದಾರರು ಅಂತಲೇ ಎಣಿಸ್ತದೆ, ನೋಂದಣಿ ಮಾಡಿಸ್ರಿ ಅಂತದೆ. ಅಂದ್ರೆ ತನ್ನ ಹೆಸರಿನ ಎಲ್‌ಆರ್ ಹರಿದುಕೊಟ್ಟ ಮೇಲೆ ಮಾಲು ಹಾಳಾದ್ರೆ ಪಾರ್ಟಿಗೆ ಉತ್ತರ ಹೇಳಬೇಕಾದವನು ಅವನೇ. ಹೆಚ್ಚಿನ ಬೆಲೆ ಬರೆಸಿ ಒಪ್ಪಿಕೊಂಡಿಲ್ಲದಿದ್ರೆ ಆ ಹೊಣೆಗೆ ಬಾಡಿಗೆಯ ಹತ್ತು ಪಟ್ಟಿನ ಮಿತಿ ಇದೆ. ಎಲ್ಲಾ ನಷ್ಟವನ್ನೂ ಡ್ರೈವರ್ ತಲೆ ಮೇಲೆ ಹಾಕಿ ಕೈ ತೊಳ್ಕೊಳ್ಳೋಕೆ ಅವಕಾಶ ಇಲ್ಲ.

ನಿಮ್ಮ ಮಗ ಒಳ್ಳೆ ಹುಡುಗ, ಓದಿದವನು. ಅವನಿಗೆ ಒಂದೇ ಒಂದು ಹೇಳ್ರಿ. ಬ್ಯಾಂಕಲ್ಲಿ ಎರಡು ಖಾತೆ ತೆಗೆಯಲಿ. ಒಂದರಲ್ಲಿ ತನ್ನ ಕಮಿಷನ್, ಇನ್ನೊಂದರಲ್ಲಿ ಲಾರಿಯವರ ಬಾಡಿಗೆ. ಎರಡನೇದಕ್ಕೆ ಅಂಗಡಿ ಬಾಡಿಗೆಗೂ, ಮನೆ ಖರ್ಚಿಗೂ, ಎಷ್ಟೇ ಕಷ್ಟ ಬಂದ್ರೂ ಕೈ ಹಾಕಬಾರದು.