ನಿಗಡಿಯ ಹಸಿರು ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಪುಣೆ ಬಳಿಯ ನಿಗಡಿಯ ಕಚೇರಿಗಳ ಹಸಿರು ಸಮಿತಿಗಳ ಸನ್ನಿಧಾನಕ್ಕೆ,

ಜೂನ್ 5ರಂದು, ವಿಶ್ವ ಪರಿಸರ ದಿನದ ನೆಪದಲ್ಲಿ, ನಮ್ಮ ಕಚೇರಿಯ ಸಮಿತಿಯವರು ಗೊಬ್ಬರದ ಡ್ರಮ್ಮಿಗೆ ರಿಬ್ಬನ್ ಕಟ್ಟಿ ಕತ್ತರಿಸಿದ ಫೋಟೊ ಎಲ್ಲರ ಮೊಬೈಲಿಗೂ ತಲುಪಿದೆ. ಚೆನ್ನಾಗಿ ಬಂದಿದೆ. ಬಲಕ್ಕೆ ಅಧ್ಯಕ್ಷರು, ಎಡಕ್ಕೆ ಎಚ್‌ಆರ್ ಮೇಡಂ, ಮಧ್ಯೆ ಹಸಿರು ಡ್ರಮ್ಮು, ಅದರೊಳಗೆ ಒಂದೇ ಒಂದು ಬಾಳೆಹಣ್ಣಿನ ಸಿಪ್ಪೆ. ಅಧ್ಯಕ್ಷರ ಕೈಯಲ್ಲಿ ಉದ್ದ ಕಡ್ಡಿಯ ಥರ್ಮಾಮೀಟರ್.

ಮುಹೂರ್ತ ಇಟ್ಟುಕೊಟ್ಟ ಜೋಯಿಸರು ಯಾರೋ ಗೊತ್ತಿಲ್ಲ. ಪುಣೆಗೆ ಮುಂಗಾರು ಕಾಲಿಡುವುದು ಹೆಚ್ಚುಕಡಿಮೆ ಜೂನ್ ಎರಡನೇ ವಾರದಲ್ಲಿ. ಡ್ರಮ್ಮು ಕೂತದ್ದು ಪಾರ್ಕಿಂಗಿನ ಹಿಂದೆ, ಸೂರಿಲ್ಲದ ಜಾಗದಲ್ಲಿ. ಗೊಬ್ಬರವಾಗಬೇಕಾದ ಕಸದಲ್ಲಿ ತೇವಾಂಶ ಶೇ. 40ರಿಂದ 60ರಷ್ಟಿರಬೇಕು, ಅಂದರೆ ಹಿಂಡಿದ ಬಟ್ಟೆಯಷ್ಟು ಒದ್ದೆ. ನೀರು ತುಂಬಿದಲ್ಲಿ ಗಾಳಿಗೆ ಜಾಗವಿಲ್ಲ. ಗಾಳಿ ಹೋದ ಕೂಡಲೇ ಗಾಳಿ ಬೇಡದ ಸೂಕ್ಷ್ಮಜೀವಿಗಳು ಸಂಸಾರ ಹೂಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಅದರದೇ. ಸಮಿತಿಯವರು ತುರ್ತು ಸಭೆ ಸೇರಿ ರೂಮ್ ಫ್ರೆಶ್ನರ್ ಮಂಜೂರು ಮಾಡಿದರು. ಮೂರನೇ ಮಹಡಿಯಲ್ಲಿ ಈಗ ಮಲ್ಲಿಗೆ ಮತ್ತು ಮೊಟ್ಟೆ ಒಟ್ಟಿಗೆ ಘಮಘಮಿಸುತ್ತಿವೆ.

ಈ ನಾತಕ್ಕೆ ಔಷಧ, ಕಟ್ಟಡದ ಎದುರಿಗೇ ಬಿದ್ದಿತ್ತು. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕರೆ ಗೊಬ್ಬರದ ಡಬ್ಬಿ ನಾರದೆ ಕೆಲಸ ಮಾಡುತ್ತದೆ. ನಿಗಡಿಯ ಪ್ರಾಧಿಕರಣ ಬಡಾವಣೆಯ ಮರಗಳು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಈ ಇಂಗಾಲವನ್ನು ಪುಕ್ಕಟೆಯಾಗಿ ರಸ್ತೆಗೆ ಸುರಿಯುತ್ತವೆ. ಆಗ ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಇಡುವುದು ವಾಡಿಕೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2016ರಲ್ಲೇ ಹೇಳಿದೆ. ಮಾರ್ಚಿನಲ್ಲಿ ಎಲೆ ಸುಟ್ಟು, ಜುಲೈನಲ್ಲಿ ಅದೇ ಇಂಗಾಲಕ್ಕಾಗಿ ತೆಂಗಿನ ನಾರಿನ ಪುಡಿಯನ್ನು ಆನ್‌ಲೈನಿನಲ್ಲಿ ತರಿಸುವ ಅರ್ಥಶಾಸ್ತ್ರಕ್ಕೆ ಸಮಿತಿಯವರು ಪೇಟೆಂಟ್ ಪಡೆಯಬಹುದು. ಹತ್ತು ಗೋಣಿಚೀಲ ಎಲೆ ತುಂಬಿ ಮೆಟ್ಟಿಲ ಕೆಳಗೆ ಒತ್ತಿಟ್ಟಿದ್ದರೆ ಮಳೆಗಾಲ ಸಾಗುತ್ತಿತ್ತು.

ಇನ್ನು ಡಬ್ಬಿಯ ನಿಜವಾದ ಯಜಮಾನಿಯ ವಿಷಯ. ಸಮಿತಿಯಲ್ಲಿ ಒಂಬತ್ತು ಜನ. ಡಬ್ಬಿಯೊಳಗೆ ಕೈ ಹಾಕುವವಳು ಒಬ್ಬಳೇ, ಅವಳು ಸಮಿತಿಯಲ್ಲಿಲ್ಲ. ಕಚೇರಿಯಲ್ಲಿ ಅವಳು ‘ಮಾವಶಿ’, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಕೂಲಿ ಹುಡುಕಿಕೊಂಡು ಕಲಬುರಗಿ, ವಿಜಯಪುರದ ಕಡೆಯಿಂದ ಪುಣೆಗೆ ಬಂದ ಸಾವಿರಾರು ಸಂಸಾರಗಳಲ್ಲಿ ಅವಳದೂ ಒಂದು. ಡಬ್ಬಿಯ ಮೇಲಿನ ಹನ್ನೆರಡು ಸುರಕ್ಷತಾ ಸೂಚನೆಗಳು ಇಂಗ್ಲಿಷಿನಲ್ಲಿವೆ, ಅವಳಿಗೆ ಬರುವುದು ಕನ್ನಡ, ಅಷ್ಟಿಷ್ಟು ಮರಾಠಿ.

“ಅಕ್ಕಾ, ಯಾಕ ಹಿಂಗ ನಾರ್ತದ?” ಎಂದು ಕನ್ನಡದ ಗುಮಾಸ್ತರೊಬ್ಬರು ಮೂಗು ಹಿಡಿದು ಕೇಳಿದರು.

“ನೀರ ನಿಂತದ್ರೀ ಸಾಹೇಬ್ರ. ಒಣಾ ಎಲಿ ಕೊಡ್ರಿ ಅಂದ್ರ ಕೊಡವಲ್ರು. ನಮ್ಮೂರಾಗ ತಿಪ್ಪಿ ನೋಡಿಲ್ಲೇನ್ರಿ ನಾ?”

ನೋಡದೆ ಏನು. 1939ರಲ್ಲಿ ಸಿ.ಎನ್. ಆಚಾರ್ಯ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಊರ ಕಸವನ್ನು ಗೊಬ್ಬರ ಮಾಡುವ ವಿಧಾನ ರೂಪಿಸಿದರು. ಅದಕ್ಕೂ ಮೊದಲು ಆಲ್ಬರ್ಟ್ ಹೊವಾರ್ಡ್ ಇಲ್ಲಿನ ರೈತರನ್ನು ನೋಡಿ ಕಲಿತು ಇಂದೋರಿನಲ್ಲಿ ತಮ್ಮ ವಿಧಾನ ರೂಪಿಸಿದರು. ವಿಜ್ಞಾನಿಗಳಿಗೆ ತಿಪ್ಪೆಯಿಂದ ಕಲಿಯಲು ಸಂಕೋಚವಾಗಲಿಲ್ಲ. ಸಮಿತಿಯವರು ಮಾತ್ರ ಸಲಹೆಗಾರರೊಬ್ಬರನ್ನು ಕರೆಸಿ, ಎಸಿ ಕೋಣೆಯಲ್ಲಿ ನಲವತ್ತು ಸ್ಲೈಡು ನೋಡಿದರು. ಆ ಹೊತ್ತಿಗೆ ಅಕ್ಕ ಹೊರಗೆ ಚಹಾದ ಲೋಟ ತೊಳೆಯುತ್ತಿದ್ದಳು.

ಅವಳಿಗೆ ಕೊಟ್ಟ ಕೈಗವಸು ಶಸ್ತ್ರಚಿಕಿತ್ಸಕರು ಹಾಕುವ ತೆಳ್ಳನೆಯದು. ಕ್ಯಾಂಟೀನಿನ ಬಕೆಟ್ಟಿನಲ್ಲಿ ಪೋಹೆ, ನಿಂಬೆಹೋಳು, ಸೋಸಿದ ಚಹಾಪುಡಿಯ ಜೊತೆಗೆ ಟೀಬ್ಯಾಗಿನ ಪಿನ್ನು, ಒಡೆದ ಗಾಜಿನ ಚೂರೂ ಇರುತ್ತವೆ. ಇದಕ್ಕೆ ದಪ್ಪ ರಬ್ಬರ್ ಗವಸು ಬೇಕು, ಧನುರ್ವಾಯುವಿನ ಲಸಿಕೆಯೂ ಆಗಿರಬೇಕು. ಒಣಗಿದ ಗೊಬ್ಬರ ಕೆದಕಿದರೆ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣಗಳು ಏಳುತ್ತವೆ. ಅಸ್ತಮಾ ಇದ್ದವರು ಆ ಕಡೆ ಸುಳಿಯಬಾರದು. ಆಸ್ಟ್ರೇಲಿಯಾದಲ್ಲಿ ಕುಂಡದ ಮಣ್ಣಿನ ಚೀಲಗಳ ಮೇಲೆಯೇ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದ ಎಚ್ಚರಿಕೆ ಅಚ್ಚಾಗಿರುತ್ತದೆ: ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಆಮೇಲೆ ಕೈ ತೊಳೆಯಿರಿ ಎಂದು. ಇಲ್ಲಿ ಡಬ್ಬಿಯ ಹತ್ತಿರದ ನಲ್ಲಿಗೆ ಬೀಗ ಜಡಿದಿದೆ, ನೀರು ಪೋಲಾಗಬಾರದಲ್ಲ!

ಥರ್ಮಾಮೀಟರಿನ ಕಥೆಯೂ ಹೀಗೇ. ರಾಶಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಮೂರು ದಿನ ನಿಂತರೆ ರೋಗಾಣುಗಳು ಬಹುಪಾಲು ಸಾಯುತ್ತವೆ. ಆದರೆ ಅಷ್ಟು ಕಾವು ಹಿಡಿದಿಟ್ಟುಕೊಳ್ಳಲು ಸುಮಾರು ಒಂದು ಘನ ಮೀಟರ್ ರಾಶಿ ಬೇಕು. ಕಚೇರಿಯ ಪುಟ್ಟ ಡ್ರಮ್ಮು ಸಾಧಾರಣವಾಗಿ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹಾಗಾಗಿ ಅದಕ್ಕೆ ಮಾಂಸ, ಮೂಳೆ ಹಾಕದಿರುವುದು, ತಿಂಗಳುಗಟ್ಟಲೆ ಮಾಗಲು ಬಿಡುವುದು ಕ್ಷೇಮ.

ಈ ತಾಳ್ಮೆ ಬೇಡವೆಂದು ಈಗ ‘24 ಗಂಟೆಯಲ್ಲಿ ಗೊಬ್ಬರ’ ಕೊಡುವ ಯಂತ್ರದ ಕೊಟೇಶನ್ ತರಿಸಲಾಗಿದೆಯಂತೆ. ಇಂಥ ಅನೇಕ ಯಂತ್ರಗಳಿಂದ ಒಂದು ದಿನದಲ್ಲಿ ಹೊರಬರುವುದು ಕತ್ತರಿಸಿ ಒಣಗಿಸಿದ ಅನ್ನ-ಪಲ್ಯ. ನೀರು ತಾಗಿದರೆ ಮತ್ತೆ ಕೊಳೆಯಲು ಶುರು. ಅದರೊಳಗೆ ತಿರುಗುವ ಅಲಗುಗಳಿವೆ. ಕಸ ಸಿಕ್ಕಿಕೊಂಡಾಗ ಮೇನ್ ಸ್ವಿಚ್ ಆಫ್ ಮಾಡದೆ ಕೈ ಹಾಕಬಾರದೆಂದು ಅಕ್ಕನಿಗೆ ಯಾವ ಭಾಷೆಯಲ್ಲಿ ಹೇಳುವುದು ಎಂಬುದನ್ನು ಖರೀದಿಗೆ ಮುಂಚೆ ಗೊತ್ತು ಮಾಡಿಕೊಳ್ಳುವುದು ಒಳಿತು.

“ಇಷ್ಟೆಲ್ಲ ರಗಳೆ ಯಾಕೆ, ಪಾಲಿಕೆ ಗಾಡಿಗೆ ಕೊಟ್ಟರಾಯಿತು” ಎಂದು ಖಜಾಂಚಿಗಳು ಅನ್ನುತ್ತಾರೆ. ಗಾಡಿ ಹೋಗುವುದು ಮೋಶಿಯ ಕಸದ ಡಿಪೋಗೆ. 2022ರ ಏಪ್ರಿಲ್‌ನಲ್ಲಿ ಆ ಡಿಪೋಗೆ ಬೆಂಕಿ ಬಿದ್ದಾಗಿನ ಹೊಗೆ ಸುತ್ತಲಿನವರಿಗೆ ನೆನಪಿದೆ. ದಿನಕ್ಕೆ 100 ಕಿಲೋ ಮೀರಿ ಕಸ ಮಾಡುವವರು ಹಸಿ ಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ಕರಗಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. 99 ಕಿಲೋ ಎಂದು ಬರೆಯುವ ತಕ್ಕಡಿ ಇಡೀ ಪುಣೆಯಲ್ಲಿ ಎಷ್ಟು ಕಚೇರಿಗಳಲ್ಲಿದೆಯೋ ದೇವರೇ ಬಲ್ಲ.

ಹೆಚ್ಚಿಗೆ ಬರೆಯುವುದೇನಿದೆ, ಬೇಕಾದದ್ದು ಇಷ್ಟೇ: ಡಬ್ಬಿಯ ಮೇಲೊಂದು ತಗಡಿನ ಸೂರು, ಕನ್ನಡ-ಮರಾಠಿಯಲ್ಲಿ ನಾಲ್ಕು ಸಾಲಿನ ಸೂಚನೆ, ಅಕ್ಕನಿಗೆ ಗವಸು, ಬೂಟು, ಮಾಸ್ಕು, ಈ ಕೆಲಸಕ್ಕೆ ಪ್ರತ್ಯೇಕ ಪಗಾರ, ಸಮಿತಿಯಲ್ಲಿ ಹತ್ತನೇ ಕುರ್ಚಿ. ಕ್ಯಾಂಟೀನಿನ ಬಕೆಟ್ಟಿನಲ್ಲಿ ಗಾಜು ಕಂಡರೆ ವಾಪಸ್ ಕಳಿಸುವ ಅಧಿಕಾರವೂ ಅವಳಿಗೇ ಇರಲಿ.

ಇಂತಿ,
ಮೂರನೇ ಮಹಡಿಯ ಮೂಗುಗಳು

ತಾ.ಕ.: ಥರ್ಮಾಮೀಟರ್ ಫೋಟೊ ಆದಂದಿನಿಂದ ಅಧ್ಯಕ್ಷರ ಡ್ರಾಯರಿನಲ್ಲಿದೆ. ಬೆಲೆಯ ಚೀಟಿಯನ್ನೂ ಕಿತ್ತಿಲ್ಲ. ಡ್ರಾಯರಿನ ಕೀಲಿಯನ್ನು ಸೋಮವಾರ ಅಕ್ಕನ ಕೈಗೆ ಕೊಡುವುದು.