ಅಕ್ಷರಕ್ಕೆ ಅಳತೆ, ಅರ್ಥಕ್ಕೆ ರಜೆ

ಮುಂಬಯಿಯಲ್ಲಿ ಭಾಷಾಪ್ರೇಮವನ್ನು ಈಗ ಟೇಪು ಹಿಡಿದು ಅಳೆಯುತ್ತಾರೆ. ಮಹಾರಾಷ್ಟ್ರದ ಕಾನೂನಿನ 2022ರ ತಿದ್ದುಪಡಿಯಂತೆ ಅಂಗಡಿ ಫಲಕದಲ್ಲಿ ದೇವನಾಗರಿ ಅಕ್ಷರ ಬೇರೆ ಲಿಪಿಗಿಂತ ಗಿಡ್ಡವಾಗಿರಬಾರದು. ವ್ಯಾಪಾರಿಗಳು ಸುಪ್ರೀಂ ಕೋರ್ಟಿನವರೆಗೂ ಹೋದರು; 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಸಿಕ್ಕಿದ್ದು ಎರಡು ತಿಂಗಳ ಗಡುವು.

ಭಾಂಡುಪ್‌ನ ಹೋಟೆಲ್ ಶೆಟ್ಟರು ಜಾಣರು. 'ಪ್ಯೂರ್ ವೆಜ್ ರೆಸ್ಟೋರೆಂಟ್' ಎಂದು ದೇವನಾಗರಿಯಲ್ಲಿ ದಪ್ಪಗೆ ಬರೆಸಿದರು. ಮರಾಠಿ ಉಳಿಯಿತು. ಬೆಂಗಳೂರಿನಲ್ಲಿರುವ ಅವರ ಅಳಿಯ 2024ರ ಕಾನೂನಿನಂತೆ ಅದೇ ಮೂರು ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಶೇ. 60 ಜಾಗಕ್ಕೆ ಹಿಗ್ಗಿಸಿದ. ಕನ್ನಡವೂ ಉಳಿಯಿತು. ಮಾವ-ಅಳಿಯ ಫೋನಿನಲ್ಲಿ ಈ ವಿಷಯ ಮಾತಾಡಿಕೊಂಡದ್ದು ತುಳುವಿನಲ್ಲಿ. ಅದಕ್ಕೆ ಎರಡೂ ಫಲಕದಲ್ಲಿ ಶೇ. 1 ಜಾಗವೂ ಇಲ್ಲ.

ಅರ್ಥಗಳು ಮಾತ್ರ ಯಾವ ಕಾನೂನಿಗೂ ಕಾಯದೆ ಗಡಿ ದಾಟುತ್ತಿರುತ್ತವೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಊರಿಂದ ಮೊನ್ನೆ ಮೊನ್ನೆ ಬಂದ ಸೊಸೆ ಕೊತ್ತಂಬರಿ ಕೊಳ್ಳಲು ಹೋಗಿ ಇಡೀ ಮಾರ್ಕೆಟ್ಟಿಗೆ ತಾಯಿಯಾಗಿ ಮರಳುತ್ತಾಳೆ. ಮರಾಠಿಯಲ್ಲಿ ರಾಗ ಎಂದರೆ ಸಿಟ್ಟು. ಫಲಕದ ಮುಂದೆ ನಿಂತು ಭಾಷಾವೀರರು ತೆಗೆಯುವ ಆಲಾಪ ಕೇಳಿದರೆ ಎರಡು ಅರ್ಥವೂ ಸರಿಯೇ. ಜಲದ ಎಂದರೆ ನಮ್ಮ ಕಾವ್ಯದಲ್ಲಿ ಮೋಡ, ರೈಲ್ವೆಯ ಮರಾಠಿಯಲ್ಲಿ ವೇಗದ ಗಾಡಿ. ಹಲವು ಜಲದ್ ಲೋಕಲುಗಳು ಸುರಿಯದ ಮೋಡದಂತೆ ಭಾಂಡುಪ್ ದಾಟಿ ಹೋಗುವುದರಿಂದ ಇಲ್ಲೂ ತಕರಾರಿಲ್ಲ.

ಇನ್ನು ಶಿಕ್ಷಾ. ಹಿಂದಿಯಲ್ಲಿ ಅದು ವಿದ್ಯೆ. ಕನ್ನಡ, ಮರಾಠಿ ಎರಡರಲ್ಲೂ ದಂಡನೆ. ಒಂದನೇ ತರಗತಿಯಿಂದಲೇ ಹಿಂದಿ ಎಂದು 2025ರಲ್ಲಿ ಆದೇಶ ಹೊರಡಿಸಿದ ಮಹಾರಾಷ್ಟ್ರ ಸರ್ಕಾರ, ಗದ್ದಲ ಎದ್ದ ಮೇಲೆ ಜೂನ್ ಕೊನೆಗೆ ಅದನ್ನು ಹಿಂತೆಗೆದುಕೊಂಡಿತು. ಯಾರೋ ನಿಘಂಟು ತೆರೆದು ತೋರಿಸಿರಬೇಕು.

ಗಂಟಲಲ್ಲಿ ಸಿಕ್ಕಿಕೊಳ್ಳುವ ಶಬ್ದ ಉದ್ಯೋಗ. ಮರಾಠಿಯಲ್ಲಿ ಅದು ಕೈಗಾರಿಕೆ, ನಮ್ಮಲ್ಲಿ ನೌಕರಿ. ಭಾಂಡುಪ್‌ನ ಎಲ್‌ಬಿಎಸ್ ಮಾರ್ಗದ ಕಾರ್ಖಾನೆಗಳು ಭರದಿಂದ ನಡೆಯುತ್ತಿದ್ದಾಗ ಎರಡು ಅರ್ಥಗಳೂ ಒಂದೇ ಪಾಳಿಯಲ್ಲಿ ದುಡಿದು, ಶೆಟ್ಟರ ಹೋಟೆಲಿನಲ್ಲಿ ಕಟಿಂಗ್ ಚಹಾ ಕುಡಿದು ಮನೆಗೆ ಹೋಗುತ್ತಿದ್ದವು. ಆಮೇಲೆ ಎಷ್ಟೋ ಗೇಟುಗಳು ಮುಚ್ಚಿ, ಆ ಜಾಗದಲ್ಲಿ ಮಾಲು, ಟವರುಗಳು ಎದ್ದವು. ಮರಾಠಿಯ ಉದ್ಯೋಗ ಹೋದ ಬೆನ್ನಿಗೇ ಕನ್ನಡದ ಉದ್ಯೋಗವೂ ಹೋಯಿತು. ಇಷ್ಟು ನಿಷ್ಠೆಯ ಭಾಷಾಂತರವನ್ನು ಯಾವ ಅಕಾಡೆಮಿಯೂ ಮಾಡಿಸಿಲ್ಲ. ಅದನ್ನು ತಡೆಯಲು ಎರಡೂ ಭಾಷೆಯ ವೀರರಲ್ಲಿ ಒಬ್ಬರೂ ಟೇಪು ಹಿಡಿದು ಬರಲಿಲ್ಲ.

ಹಳೆಯ ಕಾರ್ಮಿಕನ ಮಗ ಈಗ ಮಾಲಿನಲ್ಲಿ ಬಟ್ಟೆ ಮಡಚುತ್ತಾನೆ. ಮರಾಠಿ, ಹಿಂದಿ, ಕನ್ನಡ, ಅಷ್ಟಿಷ್ಟು ಇಂಗ್ಲಿಷ್, ಗಿರಾಕಿ ಕೇಳಿದ್ದರಲ್ಲಿ ಮಾತಾಡುತ್ತಾನೆ. ಅಷ್ಟು ಭಾಷೆಗೆ ಎಷ್ಟು ಸಂಬಳ ಎಂದು ಯಾವ ಭಾಷೆಯ ಅಭಿಮಾನಿಯೂ ವಿಚಾರಿಸಿಲ್ಲ. ಕಾನೂನು ಮಾತ್ರ ಅವನನ್ನು ಮರೆತಿಲ್ಲ: ಫಲಕ ತಪ್ಪಿದರೆ ಮಾಲೀಕನಿಗೆ ದಂಡ, ನೌಕರರ ತಲೆಯೆಣಿಸಿ, ತಲೆಗೆ 2,000 ರೂಪಾಯಿವರೆಗೆ. ಹಾಗಾದರೂ ಅವನ ತಲೆ ಸರ್ಕಾರದ ಲೆಕ್ಕಕ್ಕೆ ಬಂತು.